ಕನ್ನಡ ಅಕ್ಷರದ ‘ಕೇಳು–ಮುಟ್ಟು’ ಆಟ ಮಾಡುವುದು ಹೇಗೆ: ನೆಟ್ ಬೇಡ, ದನಿ ನಿಮ್ಮದೇ

ಸ್ಕ್ರ್ಯಾಚ್‌ನಲ್ಲಿ (ಬ್ಲಾಕುಗಳನ್ನು ಜೋಡಿಸಿ ಆಟ ಕಟ್ಟುವ ಆ್ಯಪ್) ಅಕ್ಷರದ ದನಿ ಕೇಳಿ ಮೂರು ಕಾರ್ಡುಗಳಲ್ಲಿ ಸರಿಯಾದದ್ದನ್ನು ಮುಟ್ಟುವ ಕನ್ನಡದ ಆಟ ಮಾಡಲು ಹೊರಟವರು ಪದೇಪದೇ ಒಂದೇ ಕಡೆ ಸಿಕ್ಕಿಬೀಳುತ್ತಾರೆ. ಪರದೆಯಲ್ಲಿ ‘ರ’ ಕಾಣುತ್ತದೆ, ದನಿ ಬರುವುದಿಲ್ಲ. ದನಿ ಬಂದರೆ ಮಗು ಮುಟ್ಟಿದ್ದು ತಾಗುವುದಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ ಆಟ ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಏನೇನೋ ಗುರುತುಗಳನ್ನು ತೋರಿಸುತ್ತದೆ. ಮೂರಕ್ಕೂ ಮೂಲ ಒಂದೇ: ಕೋಡ್‌ನಿಂದ ಶುರು ಮಾಡಿ, ದನಿ ಮತ್ತು ಚಿತ್ರವನ್ನು ಕೊನೆಗೆ ಉಳಿಸಿಕೊಳ್ಳುವುದು. ಮೊದಲು ಪದ ಆರಿಸಿ, ಆಮೇಲೆ ದನಿ ಹಿಡಿಯಿರಿ, ಆಮೇಲೆ ಚಿತ್ರ ಮಾಡಿ. ಕೋಡ್ ಕಟ್ಟಕಡೆಗೆ.

ಇದನ್ನು 1ರಿಂದ 3ನೇ ತರಗತಿ ನೋಡಿಕೊಳ್ಳುವ ಶಿಕ್ಷಕರನ್ನು, ಅದರಲ್ಲೂ ಮನೆಯಲ್ಲಿ ಕನ್ನಡವಲ್ಲದ ಭಾಷೆ ಆಡುವ ಮಕ್ಕಳಿರುವ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಅಂಥ ಶಾಲೆಗಳಿಗೆ ಕೊರತೆಯಿಲ್ಲ: ನ್ಯಾಮತಿ, ಜಗಳೂರು ಕಡೆಯ ತಾಂಡಾಗಳಲ್ಲಿ ಲಂಬಾಣಿ, ಮೊಳಕಾಲ್ಮುರು ಗಡಿಯಲ್ಲಿ ತೆಲುಗು, ದಾವಣಗೆರೆ ಪೇಟೆಯಲ್ಲಿ ಉರ್ದು.

ಬೇಕಾದ ಸಾಮಾನು

ವಿಂಡೋಸ್ 10 ಅಥವಾ ಅದಕ್ಕಿಂತ ಹೊಸತಿರುವ ಒಂದು ಲ್ಯಾಪ್‌ಟಾಪ್. ಅದರಲ್ಲಿ ಸ್ಕ್ರ್ಯಾಚ್ 3ರ ಆ್ಯಪ್. ಉಚಿತ, ಒಮ್ಮೆ ಇಳಿಸಿಕೊಂಡರೆ ಆಟಕ್ಕೆ ಮತ್ತೆ ನೆಟ್ ಬೇಕಿಲ್ಲ. ವಿಂಡೋಸ್ 7 ಇರುವ ಹಳೇ ಯಂತ್ರದ ಜೊತೆ ಗುದ್ದಾಡಬೇಡಿ. ಅಕ್ಷರದ ಚಿತ್ರಕ್ಕೆ ಪವರ್‌ಪಾಯಿಂಟ್ ಇದ್ದರೆ ಸಾಕು. ದನಿಗೆ ಮೈಕ್ ಇರುವ ಇಯರ್‌ಫೋನ್ ಅಥವಾ ನಿಮ್ಮ ಮೊಬೈಲ್. ಒಂದು ಪೆನ್‌ಡ್ರೈವ್. ಜೊತೆಗೆ ವೈರಿನ ಚಿಕ್ಕ ಸ್ಪೀಕರ್: ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ತರಗತಿಯ ಗದ್ದಲದ ನಡುವೆ ‘ಸ’, ‘ಶ’ ಬೇರೆಬೇರೆಯಾಗಿ ಕೇಳಿಸುವುದಿಲ್ಲ.

ಬ್ಲೂಟೂತ್ ಸ್ಪೀಕರ್ ಬೇಡ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದು ನಿದ್ದೆಗೆ ಜಾರುತ್ತದೆ. ಮುಂದಿನ ದನಿಯ ಮೊದಲ ಚೂರನ್ನು ನುಂಗಿ ಏಳುತ್ತದೆ. ‘ಸರ’ ಎಂದು ಹೇಳಿಸಿದ್ದು ಮಗುವಿಗೆ ‘ರ’ ಎಂದು ಕೇಳಿಸಿದರೆ ತಪ್ಪು ಮಗುವಿನದಲ್ಲ.

ಹಂತ 1: ಐದೇ ಅಕ್ಷರ ಆರಿಸಿ

49 ಅಕ್ಷರಗಳನ್ನೂ ಒಂದೇ ಆಟಕ್ಕೆ ತುರುಕಬೇಡಿ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯ ಮೊದಲ ಗುಂಪನ್ನೇ ಹಿಡಿಯಿರಿ: ರ, ಗ, ಸ, ದ, ಅ. ಈ ಐದರಲ್ಲೇ ಅರಸ, ಅಗಸ, ಸರ, ದರ, ಗರಗಸ ಹುಟ್ಟುತ್ತವೆ. ಜ, ವ, ಮ, ಬ, ನ ಸೇರಿದ ಕೂಡಲೇ ಮರ, ದನ, ಜನ, ಬಸವ, ಅವಸರ ಓದಬಹುದು. ಅ, ಆ, ಇ, ಈ ಎಂದು ಸ್ವರಗಳಿಂದ ಹೊರಟರೆ ವಾರವಿಡೀ ಕಲಿತರೂ ಓದಲು ಪದವೇ ಸಿಗುವುದಿಲ್ಲ.

ಒಂದೇ ಅಚ್ಚಿನಂತೆ ಕಾಣುವ ಅಕ್ಷರಗಳನ್ನು ಮೊದಲ ಆಟದಲ್ಲಿ ಜೊತೆಗಿಡಬೇಡಿ: ದ–ಧ–ಥ, ಬ–ಭ, ಪ–ಷ, ರ–ಠ, ವ–ಮ. ಎರಡನ್ನೂ ಬೇರೆಬೇರೆಯಾಗಿ ಗಟ್ಟಿ ಮಾಡಿಕೊಂಡ ಮೇಲೆ ಈ ಜೋಡಿಗಳದ್ದೇ ಒಂದು ಆಟ ಮಾಡಿ.

ಕಿವಿಯ ತೊಡಕು ಬೇರೆ: ಲ–ಳ, ನ–ಣ, ಅ–ಹ. ಇವಕ್ಕೆ ಅಕ್ಷರದ ಬದಲು ಚಿತ್ರದ ಜೋಡಿ ಒಳ್ಳೆಯದು. ಬಳೆ–ಬಲೆ, ಅಕ್ಕಿ–ಹಕ್ಕಿ ಚೆನ್ನಾಗಿ ಕೆಲಸ ಮಾಡುತ್ತವೆ. ಹುಲಿ–ಹುಳಿ ಕೇಳಲು ಸೊಗಸಾದ ಜೋಡಿ, ಆದರೆ ಹುಳಿಯನ್ನು ಬರೆದು ತೋರಿಸುವುದು ಹೇಗೆ? ಹುಣಸೆಹಣ್ಣು ಬರೆದರೆ ಮಗು ಅದನ್ನು ‘ಹುಣಸೆ’ ಎನ್ನುತ್ತದೆ. ಚಿತ್ರ ನೋಡಿದ ತಕ್ಷಣ ಒಂದೇ ಹೆಸರು ಬಾಯಿಗೆ ಬರುವ ಪದಗಳನ್ನು ಮಾತ್ರ ಇಟ್ಟುಕೊಳ್ಳಿ.

ಹೆಸರು ಊರಿನದ್ದಿರಲಿ. ಉಬ್ಬಿಸಿದ ಅಕ್ಕಿಗೆ ನಮ್ಮ ಕಡೆ ಮಂಡಕ್ಕಿ ಎನ್ನುತ್ತೇವೆ. ಮೈಸೂರಿನ ‘ಪುರಿ’, ಹುಬ್ಬಳ್ಳಿಯ ‘ಚುರುಮುರಿ’ ದಾವಣಗೆರೆಯ ಮಗುವಿಗೆ ಹೊಸ ಪದವಾಗುತ್ತವೆ. ‘ಗರಗಸ’ ಎಂಬ ಪದವನ್ನೇ ಕೇಳದ ತಾಂಡಾದ ಮಗುವಿಗೆ ಅದರ ಅಕ್ಷರ ಕಲಿಸಹೊರಟರೆ ಎರಡು ಹೊರೆ ಒಟ್ಟಿಗೆ ಹೊರಿಸಿದಂತೆ. ಅಂಥ ಮಕ್ಕಳಿಗೆ ಇದೇ ಆಟವನ್ನು ಮೊದಲು ಬರೀ ಚಿತ್ರಗಳಲ್ಲಿ ಆಡಿಸಿ: ಕನ್ನಡದ ಪದ ಕೇಳಿಸಲಿ, ಮಗು ಚಿತ್ರ ಮುಟ್ಟಲಿ. ಹತ್ತು ಹದಿನೈದು ಪದ ಕಿವಿಗೆ ಹತ್ತಿದ ಮೇಲೆ ಅಕ್ಷರಕ್ಕೆ ಬನ್ನಿ.

ಹಂತ 2: ದನಿ ಹಿಡಿಯಿರಿ

ಆಟದ ಅರ್ಧ ಯೋಗ್ಯತೆ ಇಲ್ಲೇ ತೀರ್ಮಾನವಾಗುತ್ತದೆ, ಅವಸರ ಬೇಡ.

ಸ್ಕ್ರ್ಯಾಚ್‌ನಲ್ಲಿ ಬರೆದದ್ದನ್ನು ಓದಿ ಹೇಳುವ ‘ಟೆಕ್ಸ್ಟ್ ಟು ಸ್ಪೀಚ್’ ಬ್ಲಾಕುಗಳಿವೆ. ಅದರ ಭಾಷೆಗಳ ಪಟ್ಟಿಯಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ನೆಟ್ ಹೋದರೆ ಅದು ಬಾಯೂ ಬಿಡುವುದಿಲ್ಲ. ದನಿ ಬರುತ್ತಿಲ್ಲ ಎಂಬ ದೂರಿನ ಮೂಲ ಬಹುಪಾಲು ಇದೇ. ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ. ದಿನವೂ ಕೇಳುವ ಟೀಚರ್ ದನಿ ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಫ್ಯಾನ್ ಆರಿಸಿ, ಕಿಟಕಿ ಹಾಕಿ. ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಮಾರ್ದನಿಸುತ್ತದೆ; ಹಾಸಿಗೆ, ಕಂಬಳಿ, ಬಟ್ಟೆ ಇರುವ ಕೋಣೆ ಒಳ್ಳೆಯದು. ಮೈಕು ಬಾಯಿಯಿಂದ ಒಂದು ಗೇಣು ದೂರ, ತುಸು ಓರೆಯಲ್ಲಿರಲಿ. ನೇರಕ್ಕೆ ಹಿಡಿದರೆ ಪ, ಬ, ಭ ಹೇಳುವಾಗ ಉಸಿರು ತಗುಲಿ ‘ಡಬ್’ ಎನ್ನುತ್ತದೆ.

ಉಚ್ಚಾರದಲ್ಲಿ ಒಂದು ಎಚ್ಚರ. ‘ರ’ ಎಂದರೆ ಗಿಡ್ಡ ‘ರ’. ಹಾಜರಿ ಕೂಗುವ ರಾಗದಲ್ಲಿ ‘ರಾ…’ ಎಂದು ಎಳೆದರೆ ಈಗ ಏನೂ ಆಗದು. ಕಾಗುಣಿತಕ್ಕೆ ಬಂದಾಗ ರ ಯಾವುದು, ರಾ ಯಾವುದು ಎಂದು ಮಗು ಕಂಗಾಲಾಗುತ್ತದೆ. ಇಂಗ್ಲಿಷ್ ಫೋನಿಕ್ಸ್ ಆಟಗಳನ್ನು ನೋಡಿ ‘ರ್‌ರ್‌ರ್’ ಎಂದು ಗುರುಗುಡಿಸುವುದೂ ಬೇಡ. ಕನ್ನಡದ ‘ರ’ದೊಳಗೆ ‘ಅ’ ಆಗಲೇ ಕೂತಿದೆ, ಅದನ್ನು ಕಿತ್ತು ಹೇಳಿದರೆ ಪರದೆಯ ಅಕ್ಷರಕ್ಕೂ ಕೇಳಿದ ದನಿಗೂ ತಾಳೆಯಾಗದು.

ಅಕ್ಷರವನ್ನು ಎರಡು ಸಲ, ನಡುವೆ ಒಂದು ಸೆಕೆಂಡ್ ಬಿಟ್ಟು ಹೇಳಿ: ‘ರ… ರ’. ಹೀಗೆ ಮೂರು ಸಲ ರೆಕಾರ್ಡ್ ಮಾಡಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಿ. ಹೊಗಳಲು ‘ಭೇಷ್!’, ‘ಸರಿಯಾಗಿದೆ!’ ಎಂಬ ಎರಡು ದನಿ ಸಾಕು.

ಫೈಲ್ ವಿಚಾರ: ಬಹಳಷ್ಟು ಮೊಬೈಲ್ ರೆಕಾರ್ಡರುಗಳು ಎಂ4ಎ ಎಂಬ ಬಗೆಯ ಫೈಲ್ ಉಳಿಸುತ್ತವೆ. ಸ್ಕ್ರ್ಯಾಚ್ ತೆಗೆದುಕೊಳ್ಳುವುದು ವೇವ್ ಮತ್ತು ಎಂಪಿ3 ಮಾತ್ರ. ರೆಕಾರ್ಡರಿನ ಸೆಟ್ಟಿಂಗಿನಲ್ಲಿ ವೇವ್ ಇದ್ದರೆ ಆರಿಸಿ. ಇಲ್ಲದಿದ್ದರೆ ಇಯರ್‌ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಸ್ಕ್ರ್ಯಾಚ್‌ನ ‘ಸೌಂಡ್ಸ್’ ಪುಟದಲ್ಲಿರುವ ‘ರೆಕಾರ್ಡ್’ನಲ್ಲೇ ಹಿಡಿಯಿರಿ. ಅಲ್ಲೇ ಅಕ್ಕಪಕ್ಕದ ಮೌನವನ್ನು ಎಳೆದು ಆರಿಸಿ ‘ಡಿಲೀಟ್’ ಒತ್ತಬಹುದು. ಮೊದಲಿಗೆ ಒಂದು ಕೂದಲೆಳೆಯಷ್ಟು ಮೌನ ಉಳಿಯಲಿ. ಪೂರ್ತಿ ಸವರಿದರೆ ‘ಸ’ದ ತಲೆ ಹೋಗುತ್ತದೆ.

ಹಂತ 3: ಅಕ್ಷರವನ್ನು ಚಿತ್ರ ಮಾಡಿ

ಸ್ಕ್ರ್ಯಾಚ್‌ನ ಬಣ್ಣದ ಹಲಗೆಯಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಆ ಕಂಪ್ಯೂಟರಿನಲ್ಲಿರುವ ಫಾಂಟನ್ನೇ ಅದು ಎರವಲು ಪಡೆಯುತ್ತದೆ. ಬೇರೆ ಯಂತ್ರಕ್ಕೆ ಹೋದಾಗ ಅಕ್ಷರದ ರೂಪ ಬದಲಾಗಬಹುದು, ಒತ್ತಿನ ಬುಡ ಕತ್ತರಿಸಬಹುದು. ‘ನುಡಿ’ ತಂತ್ರಾಂಶದ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ್ದರಂತೂ ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಗುರುತುಗಳ ರಾಶಿ ಕಾಣುತ್ತದೆ. ಯೂನಿಕೋಡ್ ಫಾಂಟಿನಲ್ಲೇ ಟೈಪ್ ಮಾಡಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ, ಬೇಕಿದ್ದರೆ ನೋಟೋ ಸ್ಯಾನ್ಸ್ ಕನ್ನಡ ಹಾಕಿಕೊಳ್ಳಿ. ತಲೆಕಟ್ಟು ಸ್ಪಷ್ಟವಾಗಿರುವ, ಪಠ್ಯಪುಸ್ತಕದ ಅಚ್ಚಿಗೆ ಹತ್ತಿರದ ಫಾಂಟ್ ಸಾಕು. ಅಲಂಕಾರದ ಫಾಂಟ್ ಖಂಡಿತ ಬೇಡ.

ಪವರ್‌ಪಾಯಿಂಟಿನಲ್ಲಿ ಒಂದು ಚೌಕ ಹಾಕಿ ತಿಳಿ ಹಳದಿ ತುಂಬಿ. ಅದರ ಮೇಲೆ ದೊಡ್ಡದಾಗಿ, ಕಪ್ಪು ಬಣ್ಣದಲ್ಲಿ ‘ರ’. ಎರಡನ್ನೂ ಸೇರಿಸಿ ‘ಗ್ರೂಪ್’ ಮಾಡಿ, ಬಲ ಕ್ಲಿಕ್ಕಿನಲ್ಲಿ ‘ಸೇವ್ ಆ್ಯಸ್ ಪಿಕ್ಚರ್’ ಕೊಟ್ಟು ಪಿಎನ್‌ಜಿ ಆಗಿ ಉಳಿಸಿ. ಐದೂ ಅಕ್ಷರಕ್ಕೆ ಅದೇ ಚೌಕ, ಅದೇ ಬಣ್ಣ. ಅಕ್ಷರಕ್ಕೊಂದು ಬಣ್ಣ ಕೊಟ್ಟರೆ ಮಗು ಬಣ್ಣ ಕಲಿಯುತ್ತದೆ, ಅಕ್ಷರ ನೋಡುವುದೇ ಇಲ್ಲ.

ಚೌಕ ಬರೀ ಅಂದಕ್ಕಲ್ಲ. ಸ್ಕ್ರ್ಯಾಚ್‌ನಲ್ಲಿ ಚಿತ್ರದ ಖಾಲಿ ಭಾಗ ಮುಟ್ಟಿದರೆ ಲೆಕ್ಕಕ್ಕೆ ಬರುವುದಿಲ್ಲ. ಚೌಕವಿಲ್ಲದ ‘ರ’ದ ನಟ್ಟನಡುವಿನ ಬಯಲಿಗೆ ಪುಟ್ಟ ಬೆರಳು ಬಿದ್ದರೆ ಆಟ ಸುಮ್ಮನಿರುತ್ತದೆ. ಸರಿಯಾಗಿಯೇ ಮುಟ್ಟಿದ ಮಗು ತಾನು ತಪ್ಪಿದೆ ಅಂದುಕೊಂಡು ಪಕ್ಕದ ಕಾರ್ಡಿಗೆ ಹೋಗುತ್ತದೆ.

ಹಂತ 4: ಸ್ಕ್ರ್ಯಾಚ್‌ನಲ್ಲಿ ಜೋಡಿಸಿ

ಸ್ಕ್ರ್ಯಾಚ್ ತೆರೆದಾಗ ಕಾಣುವ ಬೆಕ್ಕನ್ನು ಅಳಿಸಿ. ಹೊಸ ಸ್ಪ್ರೈಟ್ (ಪರದೆಯ ಮೇಲಿನ ಪಾತ್ರ) ಮಾಡಿ ‘ಕಾರ್ಡ್1’ ಎಂದು ಹೆಸರಿಡಿ. ಐದೂ ಚಿತ್ರಗಳನ್ನು ಅದರ ‘ಕಾಸ್ಟ್ಯೂಮ್ಸ್’ಗೆ (ಅದು ತೊಡಬಹುದಾದ ವೇಷಗಳ ಪುಟ) ಹಾಕಿ. ಐದೂ ದನಿಗಳು ಮತ್ತು ‘ಭೇಷ್’ ಹೋಗಬೇಕಾದದ್ದು ‘ಸ್ಟೇಜ್’ಗೆ (ಆಟದ ಹಿನ್ನೆಲೆ). ಒಂದು ಸ್ಪ್ರೈಟಿನ ದನಿಯನ್ನು ಇನ್ನೊಂದು ನುಡಿಸಲಾರದು. ಆದ್ದರಿಂದ ದನಿಯ ಕೆಲಸವೆಲ್ಲ ಒಂದೇ ಕಡೆ ಇರಲಿ.

ಚಿತ್ರಕ್ಕೂ ದನಿಗೂ ಒಂದೇ ಹೆಸರಿಡಿ: ಚಿತ್ರ ‘ರ’ ಆದರೆ ದನಿಯೂ ‘ರ’. ಅಂಕಿಗಳನ್ನು ಹೆಸರಾಗಿ ಇಡಬೇಡಿ, ಸ್ಕ್ರ್ಯಾಚ್ ಅದನ್ನು ಸಾಲಿನ ಸಂಖ್ಯೆ ಎಂದುಕೊಳ್ಳಬಹುದು. ಹೆಸರನ್ನು ಒಮ್ಮೆ ಟೈಪ್ ಮಾಡಿ ಮಿಕ್ಕೆಡೆ ಕಾಪಿ ಮಾಡಿ. ಕೊನೆಯಲ್ಲಿ ಕಾಣದ ಒಂದು ಸ್ಪೇಸ್ ಉಳಿದರೂ ತಾಳೆಯಾಗದು. ಮುಂದೆ ‘ಕೊ’ದಂಥ ಅಕ್ಷರ ಬಂದಾಗ ಇನ್ನೊಂದು ಬಲೆ ಇದೆ: ಅದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿಯೂ, ಎರಡು ಗುರುತು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ.

‘ಉತ್ತರ’, ‘ಜಾಗ’, ‘ಸಂಖ್ಯೆ’, ‘ತೆರೆದಿದೆ’ ಎಂಬ ನಾಲ್ಕು ವೇರಿಯಬಲ್ (ಒಂದು ಬೆಲೆಯನ್ನು ನೆನಪಿಡುವ ಡಬ್ಬಿ), ‘ಉಳಿದವು’, ‘ಬೇರೆ’, ‘ಸಾಲು’ ಎಂಬ ಮೂರು ಲಿಸ್ಟ್ (ಪಟ್ಟಿ) ಮಾಡಿ. ಎಲ್ಲವೂ ಎಲ್ಲಾ ಸ್ಪ್ರೈಟುಗಳಿಗೆ ಸಲ್ಲುವಂತಿರಲಿ.

ಸ್ಟೇಜ್‌ನಲ್ಲಿ ‘ಹೊಸ ಪ್ರಶ್ನೆ’ ಎಂಬ ಸಂದೇಶ ಬಂದಾಗ ಈ ಸರದಿಯಲ್ಲಿ ನಡೆಯಬೇಕು:

1. ‘ತೆರೆದಿದೆ’ 0 ಮಾಡಿ. ‘ಉಳಿದವು’ ಖಾಲಿಯಾಗಿದ್ದರೆ ಐದೂ ಅಕ್ಷರ ತುಂಬಿ.
2. ‘ಸಂಖ್ಯೆ’ಗೆ 1ರಿಂದ ‘ಉಳಿದವು’ಗಳ ಉದ್ದದವರೆಗೆ ಯಾವುದೋ ಒಂದು. ಆ ಸಂಖ್ಯೆಯಲ್ಲಿರುವ ಅಕ್ಷರವನ್ನು ‘ಉತ್ತರ’ಕ್ಕೆ ಹಾಕಿ, ಲಿಸ್ಟಿನಿಂದ ತೆಗೆಯಿರಿ. ತೆಗೆಯದಿದ್ದರೆ ‘ಗ’ ಮೂರು ಸಲ ಬಂದು ‘ದ’ ಒಮ್ಮೆಯೂ ಬಾರದೆ ಹೋಗಬಹುದು.
3. ‘ಬೇರೆ’ ಲಿಸ್ಟನ್ನು ಅಳಿಸಿ, ಐದೂ ಅಕ್ಷರ ಹಾಕಿ, ಅದರಿಂದ ‘ಉತ್ತರ’ವನ್ನು ತೆಗೆಯಿರಿ.
4. ‘ಸಾಲು’ ಅಳಿಸಿ. ‘ಬೇರೆ’ಯಿಂದ ಎರಡು ಅಕ್ಷರಗಳನ್ನು ಒಂದೊಂದಾಗಿ ಎತ್ತಿ ‘ಸಾಲು’ಗೆ ಹಾಕಿ, ಎತ್ತಿದ್ದನ್ನು ಆಗಿಂದಾಗಲೇ ‘ಬೇರೆ’ಯಿಂದ ಅಳಿಸಿ.
5. ‘ಜಾಗ’ಕ್ಕೆ 1ರಿಂದ 3ರೊಳಗೆ ಒಂದು. ‘ಇನ್ಸರ್ಟ್’ ಬ್ಲಾಕಿನಿಂದ ‘ಉತ್ತರ’ವನ್ನು ‘ಸಾಲು’ವಿನ ಆ ಜಾಗಕ್ಕೆ ಸೇರಿಸಿ.
6. ‘ತೋರಿಸು’ ಸಂದೇಶವನ್ನು ‘ಬ್ರಾಡ್‌ಕಾಸ್ಟ್ ಆ್ಯಂಡ್ ವೇಟ್’ನಲ್ಲಿ ಕಳಿಸಿ.
7. ಅರ್ಧ ಸೆಕೆಂಡ್ ಬಿಟ್ಟು ‘ಪ್ಲೇ ಸೌಂಡ್ ಅಂಟಿಲ್ ಡನ್’. ದನಿಯ ಹೆಸರಿನ ಜಾಗಕ್ಕೆ ‘ಉತ್ತರ’ ವೇರಿಯಬಲ್ಲನ್ನು ಎಳೆದು ಕೂರಿಸಿ.
8. ‘ತೆರೆದಿದೆ’ 1 ಮಾಡಿ.

‘ಸ್ಟಾರ್ಟ್ ಸೌಂಡ್’ ಬಳಸಬೇಡಿ. ಅದು ದನಿ ಮುಗಿಯಲು ಕಾಯುವುದಿಲ್ಲ. ‘ಭೇಷ್’ ಮತ್ತು ಮುಂದಿನ ಅಕ್ಷರ ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತದೆ.

ಹಸಿರು ಬಾವುಟ ಒತ್ತಿದಾಗ ‘ಉಳಿದವು’ ಅಳಿಸಿ ‘ಹೊಸ ಪ್ರಶ್ನೆ’ ಕಳಿಸುವ ಪುಟ್ಟ ತುಂಡನ್ನೂ ಸ್ಟೇಜ್‌ನಲ್ಲೇ ಇಡಿ. ಅದರ ಪಕ್ಕ ಇನ್ನೆರಡು: ‘ಸರಿ’ ಬಂದಾಗ ‘ಭೇಷ್’ ನುಡಿಸಿ ‘ಹೊಸ ಪ್ರಶ್ನೆ’ ಕಳಿಸುವುದು, ‘ಮತ್ತೆ ಕೇಳು’ ಬಂದಾಗ ‘ಉತ್ತರ’ದ ದನಿಯನ್ನು ಇನ್ನೊಮ್ಮೆ ನುಡಿಸಿ ‘ತೆರೆದಿದೆ’ 1 ಮಾಡುವುದು.

ಇನ್ನು ಕಾರ್ಡ್1. ‘ತೋರಿಸು’ ಬಂದಾಗ ಎಫೆಕ್ಟ್ ಅಳಿಸಿ, ‘ಸಾಲು’ವಿನ 1ನೇ ಅಕ್ಷರದ ಕಾಸ್ಟ್ಯೂಮಿಗೆ ಬದಲಾಗಬೇಕು. ಕಾರ್ಡನ್ನು ಮುಟ್ಟಿದಾಗ, ‘ತೆರೆದಿದೆ’ 1 ಇದ್ದರೆ ಮಾತ್ರ ಮುಂದುವರಿದು ಅದನ್ನು 0 ಮಾಡಿ. ಕಾಸ್ಟ್ಯೂಮಿನ ಹೆಸರು ‘ಉತ್ತರ’ಕ್ಕೆ ಸಮವಾದರೆ ‘ಸರಿ’ ಕಳಿಸಿ. ಅಲ್ಲದಿದ್ದರೆ ಕಾರ್ಡನ್ನು ಮಸುಕಾಗಿಸುವ ಘೋಸ್ಟ್ ಎಫೆಕ್ಟ್ 70ಕ್ಕೆ ಏರಿಸಿ ‘ಮತ್ತೆ ಕೇಳು’ ಕಳಿಸಿ.

ಇದನ್ನೇ ಎರಡು ಸಲ ಡೂಪ್ಲಿಕೇಟ್ ಮಾಡಿ. 1ರ ಬದಲು 2, 3 ಹಾಕಿ. ಜಾಗ: ಎಕ್ಸ್ –150, 0, 150, ವೈ ಮೂರಕ್ಕೂ 0. ಕಾರ್ಡುಗಳ ನಡುವೆ ಬೆರಳಗಲ ಬಿಡುವಿರುವಂತೆ ಸೈಜ್ ಹೊಂದಿಸಿ.

ತಪ್ಪಿದಾಗ ‘ಟೊಂಯ್’ ಎಂಬ ಸದ್ದು ಇಡಬೇಡಿ. ಅಂಜುವ ಮಗು ಆಟ ಬಿಡುತ್ತದೆ. ತುಂಟ ಮಗು ಆ ಸದ್ದಿಗಾಗಿಯೇ ಬೇಕೆಂದು ತಪ್ಪು ಮುಟ್ಟುತ್ತದೆ. ತಪ್ಪು ಕಾರ್ಡ್ ಮಸುಕಾಗಿ ಅಕ್ಷರ ಇನ್ನೊಮ್ಮೆ ಕೇಳಿಸಿದರೆ ಸಾಕು.

ಹಂತ 5: ಮಕ್ಕಳ ಮುಂದಿಡುವ ಮೊದಲು

ಪೂರ್ತಿ ಪರದೆಯಲ್ಲೇ ಆಡಿಸಿ. ಚಿಕ್ಕ ಪರದೆಯಲ್ಲಿದ್ದರೆ ಮುಟ್ಟಿದ ಕಾರ್ಡ್ ಬೆರಳಿನ ಜೊತೆ ಜಾರಿ ಎಲ್ಲೋ ಹೋಗಿ ಕೂರುತ್ತದೆ.

ವೈಫೈ ಬಂದ್ ಮಾಡಿ ಹದಿನೈದು ಪ್ರಶ್ನೆ ಆಡಿ. ಐದೂ ಅಕ್ಷರ ಮೂರು ಮೂರು ಸಲ ಬರಬೇಕು. ಒಂದಕ್ಕೆ ಮಾತ್ರ ದನಿ ಬಾರದಿದ್ದರೆ ಹೆಸರು ತಾಳೆಯಾಗಿಲ್ಲ. ಒಂದೇ ಅಕ್ಷರ ಎರಡು ಕಾರ್ಡಿನಲ್ಲಿ ಕಂಡರೆ ಹಂತ 4ರ ಸರದಿಯ 3ನೇ ಅಥವಾ 4ನೇ ಹೆಜ್ಜೆಯಲ್ಲಿ ಅಳಿಸುವುದನ್ನು ಮರೆತಿದ್ದೀರಿ. ಒಂದು ಮುಟ್ಟಿನ ನಂತರ ಆಟ ಸ್ತಬ್ಧವಾದರೆ ‘ತೆರೆದಿದೆ’ ಮತ್ತೆ 1 ಆಗಿಲ್ಲ. ಎಸ್‌ಬಿ3 (ಸ್ಕ್ರ್ಯಾಚ್ ಆಟವನ್ನು ಉಳಿಸುವ) ಫೈಲಿನೊಳಗೆ ಚಿತ್ರ, ದನಿ ಎಲ್ಲ ಸೇರಿರುತ್ತವೆ, ಪೆನ್‌ಡ್ರೈವ್‌ಗೆ ಅದೊಂದನ್ನೇ ಹಾಕಿದರೆ ಸಾಕು.

ಟ್ಯಾಬ್‌ನಲ್ಲಿ ಬೇಕಿದ್ದರೆ ಆಂಡ್ರಾಯ್ಡ್‌ಗೂ ಸ್ಕ್ರ್ಯಾಚ್ ಆ್ಯಪ್ ಇದೆ. ಅದು ಕೂರದಿದ್ದರೆ ಟರ್ಬೋವಾರ್ಪ್ ಪ್ಯಾಕೇಜರ್‌ನಲ್ಲಿ ಎಸ್‌ಬಿ3 ಕೊಟ್ಟು ಒಂದೇ ಎಚ್‌ಟಿಎಂಎಲ್ ಫೈಲ್ ಮಾಡಿಸಿಕೊಂಡು ಕ್ರೋಮ್‌ನಲ್ಲಿ ತೆರೆಯಿರಿ.

ಹಂತ 6: ಆಡಿಸುವಾಗ ಏನು ನೋಡಬೇಕು

ಒಂದು ಯಂತ್ರಕ್ಕೆ ಇಬ್ಬರು, ಎಂಟು ಹತ್ತು ನಿಮಿಷ. ಒಬ್ಬರು ಕೇಳಿ ಅಕ್ಷರವನ್ನು ಬಾಯಿಬಿಟ್ಟು ಹೇಳಲಿ, ಇನ್ನೊಬ್ಬರು ಮುಟ್ಟಲಿ. ಆಮೇಲೆ ಅದಲು ಬದಲು. ಮುಗಿದ ಕೂಡಲೇ ಅದೇ ಐದು ಅಕ್ಷರವನ್ನು ಸ್ಲೇಟಿನಲ್ಲಿ ಬರೆಸಿ. ಬೆರಳಲ್ಲಿ ಮುಟ್ಟಿದ್ದು ಬಳಪಕ್ಕೆ ಬಾರದಿದ್ದರೆ ಕಲಿತಂತಾಗಲಿಲ್ಲ.

ಮೂರು ಕಾರ್ಡಿನಲ್ಲಿ ಸುಮ್ಮನೆ ಮುಟ್ಟುತ್ತ ಹೋದರೂ 12ಕ್ಕೆ ಸುಮಾರು 4 ಸರಿ ಬರುತ್ತವೆ. ಆದ್ದರಿಂದ 12ಕ್ಕೆ 5 ಎಂಬುದು ‘ಅರೆಬರೆ ಕಲಿತಿದೆ’ ಎಂದಲ್ಲ, ಇನ್ನೂ ಕಲಿತಿಲ್ಲ ಎಂದೇ ಅರ್ಥ. ಮೊದಲ ಮುಟ್ಟಿಗೇ 12ರಲ್ಲಿ 10, ಅದೂ ಬೇರೆಬೇರೆ ಎರಡು ದಿನ ಬಂದರೆ ಮುಂದಿನ ಗುಂಪಿಗೆ ಹೋಗಿ.

ಕೆಲವು ಮಕ್ಕಳು ಸದಾ ನಡುವಿನ ಕಾರ್ಡನ್ನೇ ಮುಟ್ಟುತ್ತಾರೆ. ಕೆಲವರು ದನಿ ಬರುವ ಮೊದಲೇ ಕೈ ಹಾಕುತ್ತಾರೆ. ಇವರಿಗೆ ಎರಡು ದಿನ ಕಾರ್ಡಿಲ್ಲದೆ ಬರೀ ಕೇಳಿ ಹೇಳುವ ಆಟ ಆಡಿಸಿ.

ಇನ್ನೊಂದನ್ನು ಮಾತ್ರ ಕಡೆಗಣಿಸಲೇಬೇಡಿ. ಮಿಕ್ಕದ್ದೆಲ್ಲ ಸರಿ ಮುಟ್ಟುವ ಮಗು ಸ, ಶ, ಹ ಬಂದಾಗ ಮಾತ್ರ ತಡವರಿಸಿದರೆ, ಸ್ಪೀಕರಿಗೆ ಒಂದೇ ಕಿವಿ ಒಡ್ಡಿ ಕೂತರೆ, ಕಿವಿ ಸೋರುತ್ತಿದ್ದರೆ, ಅದು ಓದಿನ ತೊಂದರೆ ಅಲ್ಲದಿರಬಹುದು. ಕಿವಿ ಕೊಂಚ ಮಂದವಾದಾಗ ಇಂಥ ಸಣ್ಣ, ಚೂಪು ದನಿಗಳೇ ಮೊದಲು ತಪ್ಪಿಹೋಗುತ್ತವೆ. ಮನೆಯವರಿಗೆ ತಿಳಿಸಿ, ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ ತೋರಿಸಲು ಹೇಳಿ.

ಫೋನಿಗೆ ಮಾತಾಡಿಸಿ ಅದು ಸರಿಯಾಗಿ ಟೈಪ್ ಮಾಡಿತೇ ಎಂದು ನೋಡಿ ಮಗುವಿನ ಉಚ್ಚಾರಕ್ಕೆ ಅಂಕ ಕೊಡುವುದು ಬೇಡ. ಆ ತಂತ್ರಜ್ಞಾನ ಪಳಗಿರುವುದು ಹೆಚ್ಚಾಗಿ ದೊಡ್ಡವರ ದನಿಯಲ್ಲಿ. ಮಗುವಿನ ಎಳೆ ದನಿಯೂ ‘ಏನ್ ಮಾಡಾಕತ್ತಿ’ ಎಂಬ ನಮ್ಮ ಆಡುಮಾತೂ ಅದಕ್ಕೆ ತೊಡಕು. ಮಕ್ಕಳ ದನಿಯನ್ನು ಎಲ್ಲಾದರೂ ಉಳಿಸುವುದಿದ್ದರೆ ಪೋಷಕರ ಒಪ್ಪಿಗೆ ಮೊದಲು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18ರೊಳಗಿನವರ ವಿಷಯದಲ್ಲಿ ಅದನ್ನೇ ಹೇಳುತ್ತದೆ.

ಹಂತ 7: ಅದೇ ಕಾರ್ಡು, ಮಾತಿನ ಹಲಗೆ

ಮಾತು ಬಾರದ ಮಗುವಿಗೂ, ತಾಂಡಾದಿಂದ ಬಂದು ಕನ್ನಡ ಒಂದಕ್ಷರ ತಿಳಿಯದೆ ಮೂಲೆ ಹಿಡಿದು ಕೂತ ಮಗುವಿಗೂ ಇದೇ ಕೆಲಸ ಇನ್ನೊಂದು ರೂಪದಲ್ಲಿ ಒದಗುತ್ತದೆ. ಕೋಡ್ ಇನ್ನೂ ಸುಲಭ: ಕಾರ್ಡ್ ಮುಟ್ಟಿದರೆ ಅದರ ದನಿ, ಅಷ್ಟೇ. ಆರು ಕಾರ್ಡು, ಎರಡು ಸಾಲು. ಎಕ್ಸ್ ಮೊದಲಿನಂತೆಯೇ, ವೈ 85 ಮತ್ತು –85. ಪದಗಳು: ಬೇಕು, ಬೇಡ, ನೀರು, ಒಂದಕ್ಕೆ, ನೋವು, ಸಾಕು.

ಮನೆಮಾತು ಬೇರೆಯಾದರೆ ಪ್ರತಿ ಕಾರ್ಡಿಗೆ ಎರಡು ದನಿ ಇಡಿ: ಮೊದಲು ‘ಪಾಣಿ’, ಅರ್ಧ ಸೆಕೆಂಡ್ ಬಿಟ್ಟು ‘ನೀರು’. ಲಂಬಾಣಿಯ ದನಿ ಮಗುವಿನ ಯಾಡಿಯದ್ದೋ (ಅಮ್ಮನದ್ದೋ) ಅಕ್ಕನದ್ದೋ ಇರಲಿ. ಪುಸ್ತಕ ನೋಡಿ ನೀವು ಹೇಳಿದರೆ ಮಗುವಿಗೆ ಗುರುತು ಸಿಗದಿರಬಹುದು.

ಹಲಗೆ ಕೊಟ್ಟು ‘ಒತ್ತು, ಒತ್ತು’ ಎನ್ನುವುದೇ ಹೆಚ್ಚಿನವರು ಮಾಡುವ ತಪ್ಪು. ಮೊದಲ ಎರಡು ಮೂರು ವಾರ ಒತ್ತಬೇಕಾದವರು ನೀವು: ನೀರು ಕೊಡುವಾಗ ‘ನೀರು’ ಒತ್ತಿ, ಬಾಯಲ್ಲೂ ಹೇಳಿ, ಕೊಡಿ. ಮಗು ‘ಬೇಡ’ ಒತ್ತಿದ ದಿನ ಅದನ್ನು ನಡೆಸಿಕೊಡಿ. ಒತ್ತಿಯೂ ಏನೂ ಆಗಲಿಲ್ಲವೆಂದರೆ ಹಲಗೆ ಅದಕ್ಕೆ ಆಟಿಕೆಯಾಗಿ ಉಳಿಯುತ್ತದೆ. ಹಲಗೆ ಕೊಟ್ಟರೆ ಮಗು ಮಾತೇ ಕಲಿಯುವುದಿಲ್ಲ ಎಂಬ ಭಯ ಪೋಷಕರಲ್ಲಿ ಸಾಮಾನ್ಯ. ಹಾಗಾಗುವುದಿಲ್ಲ, ಧೈರ್ಯ ಹೇಳಿ. ಮಾತು ಬಾರದ ಕಾರಣವನ್ನು ಮಾತ್ರ ತಜ್ಞರೇ ನೋಡಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಅದಕ್ಕಾಗಿ.

ಆರು ಪದಕ್ಕೆ ಮೀರಿದ ಮಾತಿಗೆ ಆಂಡ್ರಾಯ್ಡ್ ಫೋನಿನ ಕನ್ನಡ ದನಿ ನೆರವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಟೆಕ್ಸ್ಟ್ ಟು ಸ್ಪೀಚ್’ ಹುಡುಕಿ, ಗೂಗಲ್‌ನ ಎಂಜಿನ್ ಆರಿಸಿ, ಕನ್ನಡದ ವಾಯ್ಸ್ ಡೇಟಾ ಇಳಿಸಿಕೊಳ್ಳಿ. ಆಮೇಲೆ ಏರೋಪ್ಲೇನ್ ಮೋಡ್‌ಗೆ ಹಾಕಿ ಒಂದು ಸಾಲು ಓದಿಸಿ ನೋಡಿ. ಸುಮ್ಮನಿದ್ದರೆ ಡೇಟಾ ಪೂರ್ತಿ ಇಳಿದಿಲ್ಲ. ಪೂರ್ಣ ವಾಕ್ಯಕ್ಕೆ ಇದನ್ನು ಬಳಸಿ, ಬಿಡಿ ಅಕ್ಷರಕ್ಕೆ ನಿಮ್ಮ ದನಿಯೇ ಇರಲಿ.

ಕಾರ್ಡು ಹೆಚ್ಚಿಸುವಾಗ ಹಳೆಯ ಆರನ್ನು ಇದ್ದಲ್ಲಿಂದ ಕದಲಿಸಬೇಡಿ, ಹೊಸದಕ್ಕೆ ಎರಡನೇ ಪುಟ ಮಾಡಿ. ಮಗುವಿನ ಕೈ ನೆನಪಿಟ್ಟುಕೊಂಡಿರುವುದು ಜಾಗವನ್ನು. ಕರೆಂಟ್ ಹೋಗಿ ಚಾರ್ಜ್ ಮುಗಿದ ದಿನಕ್ಕೆಂದು ಅದೇ ಪರದೆಯನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ದಾರ ಪೋಣಿಸಿ ಟ್ಯಾಬ್ ಚೀಲಕ್ಕೇ ಕಟ್ಟಿಡಿ.